ಔಷಧ ಚೀಟಿಗೆ ಕಂಪ್ಯೂಟರ್ ಕಾವಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಡಾಕ್ಟರು ಚೀಟಿ ಬರೆಯುತ್ತಿರುವಾಗಲೇ ಕಂಪ್ಯೂಟರ್ ನಡುವೆ ಬಾಯಿ ಹಾಕಿ ‘ಈ ಎರಡು ಮಾತ್ರೆ ಒಟ್ಟಿಗೆ ಬೇಡ’, ‘ಈ ಕಿಡ್ನಿಗೆ ಇಷ್ಟು ಡೋಸ್ ಜಾಸ್ತಿ’ ಎನ್ನುವ ವ್ಯವಸ್ಥೆ ಈಗ ದೊಡ್ಡ ಆಸ್ಪತ್ರೆಗಳಿಂದ ಸಣ್ಣ ನರ್ಸಿಂಗ್ ಹೋಮ್‌ಗಳಿಗೂ ಬರುತ್ತಿದೆ. ಅದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಈ ಸಲದ ಅಂಕಣದಲ್ಲಿ ಉತ್ತರವಿದೆ.

ಅಪ್ಪನಿಗೆ ಬಿ.ಪಿ., ಸಕ್ಕರೆ ಕಾಯಿಲೆ ಎರಡೂ ಇವೆ. ಡಾಕ್ಟರು ಕಂಪ್ಯೂಟರಿನಲ್ಲಿ ಮಾತ್ರೆ ಹಾಕುವಾಗ ಕೆಂಪು ಪೆಟ್ಟಿಗೆಯೊಂದು ಏಳುತ್ತದೆ. ಅವರು ಓದಿದರೋ ಬಿಟ್ಟರೋ, ಏನೋ ಒತ್ತಿ ಮುಂದಕ್ಕೆ ಹೋಗುತ್ತಾರೆ. ಅದು ಏನು ಹೇಳುತ್ತಿರುತ್ತದೆ? ನಾವು ಹೆದರಬೇಕೇ?
— ಓದುಗರು, ತುಮಕೂರು

ಆ ಪೆಟ್ಟಿಗೆ ಸಾಮಾನ್ಯವಾಗಿ ಐದಾರು ವಿಷಯಗಳಲ್ಲಿ ಒಂದನ್ನು ಹೇಳುತ್ತದೆ: ಈ ಔಷಧಿ ಇವರಿಗೆ ಒಗ್ಗುವುದಿಲ್ಲ ಎಂದು ದಾಖಲಾಗಿದೆ, ಇದೇ ಮದ್ದು ಬೇರೆ ಹೆಸರಿನಲ್ಲಿ ಆಗಲೇ ಚೀಟಿಯಲ್ಲಿದೆ, ಎರಡು ಮಾತ್ರೆಗಳು ಒಂದಕ್ಕೊಂದು ಹೊಂದುವುದಿಲ್ಲ, ಡೋಸ್ ಮಿತಿ ಮೀರಿದೆ, ಕಿಡ್ನಿಗೆ, ಲಿವರಿಗೆ ಅಥವಾ ಗರ್ಭಕ್ಕೆ ತೊಂದರೆಯಾಗಬಹುದು.

ಒತ್ತಿ ಮುಂದೆ ಹೋದದ್ದೆಲ್ಲ ಅಲಕ್ಷ್ಯವಲ್ಲ. ಬಿ.ಪಿ.ಗೆ ಟೆಲ್ಮಿಸಾರ್ಟನ್, ಹೃದಯಕ್ಕೆ ಸ್ಪೈರೊನೊಲ್ಯಾಕ್ಟೋನ್ ಎರಡೂ ಇದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು ಎಂಬ ಎಚ್ಚರಿಕೆ ಬರುತ್ತದೆ. ಹೃದಯದ ಡಾಕ್ಟರು ಈ ಜೋಡಿಯನ್ನು ಬೇಕೆಂದೇ ಕೊಡುತ್ತಾರೆ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ. ನಾಲ್ಕು ದಿನದ ಹಿಂದಿನ ವರದಿಯಲ್ಲಿ ಪೊಟ್ಯಾಸಿಯಂ 4.2, ಅಂದರೆ ಸರಿಯಾದ ಮಟ್ಟದಲ್ಲೇ ಇದೆ ಎಂದು ಕಂಪ್ಯೂಟರಿಗೆ ಗೊತ್ತಿದ್ದರೆ ಅದು ಸುಮ್ಮನಿರಬೇಕಿತ್ತು. ಬಹಳಷ್ಟು ಸಾಫ್ಟ್‌ವೇರ್‌ಗಳಲ್ಲಿ ಲ್ಯಾಬ್ ಒಂದು ಕಡೆ, ಚೀಟಿ ಇನ್ನೊಂದು ಕಡೆ. ಹೀಗಾಗಿ ಅದು ಪ್ರತಿ ಸಲ ಕೂಗುತ್ತದೆ, ಡಾಕ್ಟರು ಪ್ರತಿ ಸಲ ಮುಚ್ಚುತ್ತಾರೆ. 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷಾ ಲೇಖನ ಅದುವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಎಚ್ಚರಿಕೆಗಳಲ್ಲಿ ಶೇ 49ರಿಂದ 96ರಷ್ಟನ್ನು ವೈದ್ಯರು ಬದಿಗೊತ್ತಿದ್ದರು. ಅಪಾಯ ಇರುವುದು ಇಲ್ಲೇ. ಐವತ್ತು ಸಲ ಸುಮ್ಮನೆ ಕೂಗಿದ ಮೇಲೆ ಐವತ್ತೊಂದನೆಯದು ನಿಜವಾಗಿದ್ದರೂ ಬೆರಳು ಅಭ್ಯಾಸಬಲದಿಂದ ಅದೇ ಬಟನ್ ಒತ್ತುತ್ತದೆ.

‘ಡಾಕ್ಟ್ರೇ, ಅದೇನೋ ಕೆಂಪಗೆ ಬಂತಲ್ಲ, ಏನದು?’ ಎಂದು ಕೇಳಿ. ಕೇಳಿದರೆ ತಪ್ಪೇನಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಮಂಡಿ ನೋವಿಗೆಂದು ಮೆಡಿಕಲ್ ಸ್ಟೋರ್‌ನಿಂದ ಚೀಟಿಯಿಲ್ಲದೆ ತಂದು ನುಂಗುವ ಡೈಕ್ಲೊಫೆನಾಕ್ ಆ ಕಂಪ್ಯೂಟರಿಗೆ ಕಾಣುವುದೇ ಇಲ್ಲ. ಬಿ.ಪಿ. ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ, ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ಕಷಾಯ, ಚೂರ್ಣ, ಲೇಹ್ಯ ಇದ್ದರೆ ಅವನ್ನೂ ಹಾಕಿ.

ನಮ್ಮದು 30 ಹಾಸಿಗೆಯ ನರ್ಸಿಂಗ್ ಹೋಮ್. ಬಿಲ್ಲಿಂಗ್ ಸಾಫ್ಟ್‌ವೇರ್‌ನವರೇ ಔಷಧ ಎಚ್ಚರಿಕೆಯ ಮಾಡ್ಯೂಲ್ ಕೊಟ್ಟರು. ಎಲ್ಲವನ್ನೂ ಆನ್ ಮಾಡಿದೆವು. ಎರಡು ವಾರಕ್ಕೇ ‘ಇದನ್ನು ತೆಗೆಸಿ’ ಎಂದು ಡಾಕ್ಟರುಗಳೆಲ್ಲ ಗಲಾಟೆ ಮಾಡಿದರು. ಈಗ ಎಲ್ಲಿಂದ ಶುರು ಮಾಡಬೇಕು?
— ಆಡಳಿತ ವೈದ್ಯರು, ಸಾಗರ

ಎಲ್ಲವನ್ನೂ ಒಮ್ಮೆಗೇ ಆನ್ ಮಾಡಿದ್ದೇ ತಪ್ಪು. ಈಗ ಪರದೆಯ ಮೇಲೆ ಕಾಣುವುದನ್ನು ನಿಲ್ಲಿಸಿ, ಆದರೆ ಮಾಡ್ಯೂಲನ್ನು ಮುಚ್ಚಬೇಡಿ. ಮೂರು–ನಾಲ್ಕು ವಾರ ಅದು ತೆರೆಮರೆಯಲ್ಲೇ ಓಡಲಿ: ಯಾರಿಗೂ ತೋರಿಸದೆ, ತೋರಿಸಬಹುದಾಗಿದ್ದ ಪ್ರತಿ ಎಚ್ಚರಿಕೆಯನ್ನೂ ಬರೆದಿಟ್ಟುಕೊಳ್ಳಲಿ. ಯಾವ ನಿಯಮ, ಯಾವ ಔಷಧಿ, ಯಾವ ವಾರ್ಡ್, ಎಷ್ಟು ಸಲ. ಆ ಪಟ್ಟಿಯನ್ನು ಎಕ್ಸೆಲ್‌ಗೆ ತೆಗೆದು ನಿಯಮವಾರು ಜೋಡಿಸಿದರೆ, ಗದ್ದಲದ ಬಹುಪಾಲು ಬೆರಳೆಣಿಕೆಯ ನಿಯಮಗಳಿಂದ ಬರುತ್ತಿರುವುದು ಕಾಣುತ್ತದೆ. ಹೆಚ್ಚಾಗಿ ಸಿಗುವವು ಇವು: ಪ್ಯಾಂಟೊಪ್ರಜೋಲ್ ಇಂಜೆಕ್ಷನ್ ನಿಲ್ಲಿಸಿ ಮಾತ್ರೆಗೆ ಬದಲಿಸಿದಾಗ ‘ಎರಡೆರಡು ಬಾರಿ ಬರೆದಿದ್ದೀರಿ’ ಎನ್ನುವುದು, ವಾಂತಿಗೆ ಒಂದೇ ಒಂದು ಸಲ ಕೊಟ್ಟ ಒಂಡನ್ಸೆಟ್ರಾನ್‌ಗೆ ಹೃದಯಬಡಿತದ ಎಚ್ಚರಿಕೆ, ಸಲ್ಫಾ ಆ್ಯಂಟಿಬಯಾಟಿಕ್ ಆಗದವರಿಗೆ ಫ್ಯೂರೊಸೆಮೈಡ್ ಬರೆದರೆ ‘ಅಲರ್ಜಿ’ ಎನ್ನುವುದು. ಮೊದಲನೆಯದಕ್ಕೆ ಮದ್ದು ಸುಲಭ. ಹಳೆಯ ಆರ್ಡರ್ ನಿಂತು 24 ಗಂಟೆಯೊಳಗೆ ಅದೇ ಔಷಧಿ ಬೇರೆ ದಾರಿಯಲ್ಲಿ ಬಂದರೆ ಎಣಿಸಬೇಡ ಎಂದು ನಿಯಮ ತಿದ್ದಿಸಿ. ಮೂರನೆಯದನ್ನು ಪೂರ್ತಿ ತೆಗೆಸಿ.

ಆಮೇಲೆ ಒಂದೊಂದಾಗಿ ಆನ್ ಮಾಡಿ. ಮೊದಲು ಅಲರ್ಜಿ. ಆ ಜಾಗವನ್ನು ಖಾಲಿ ಬಿಡಲು ಅವಕಾಶವಿರಬಾರದು. ಮೂರು ಆಯ್ಕೆ ಇರಲಿ: ‘ಇದೆ’, ‘ಕೇಳಿದ್ದೇವೆ, ಇಲ್ಲ’, ‘ಇನ್ನೂ ಕೇಳಿಲ್ಲ’. ಖಾಲಿ ಎಂದರೆ ಇಲ್ಲ ಎಂದೋ, ಕೇಳಿಲ್ಲ ಎಂದೋ? ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಅದು ಗೊತ್ತಾಗದು. ‘ಇದೆ’ ಎಂದರೆ ಏನಾಯಿತು, ಯಾವಾಗ ಎಂಬುದನ್ನೂ ಬರೆಸಿ. ಅಮಾಕ್ಸಿಸಿಲಿನ್ ತೆಗೆದುಕೊಂಡಾಗ ಭೇದಿಯಾದದ್ದು ಅಲರ್ಜಿಯಲ್ಲ. ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿದ್ದು ಅಲರ್ಜಿ.

ಎರಡನೆಯದು ಗರಿಷ್ಠ ಡೋಸ್. ಒಂದು ಸಲದ್ದೂ ದಿನದ ಒಟ್ಟು ಮೊತ್ತವೂ ಬೇರೆ ಬೇರೆ ಲೆಕ್ಕವಾಗಬೇಕು. ಜ್ವರದ ಮಾತ್ರೆ, ಟ್ರಮಡಾಲ್ ಜೊತೆಗಿನ ನೋವಿನ ಮಾತ್ರೆ, ನೆಗಡಿ ಮಾತ್ರೆ ಮೂರರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಮೂರನ್ನೂ ಕೂಡಿಸಿ 4 ಗ್ರಾಂ ಮೀರಿದಾಗ ಕೂಗುವ ಎಚ್ಚರಿಕೆಗೆ ಬೆಲೆಯಿದೆ.

ಮೂರನೆಯದು ಹೊಂದದ ಜೋಡಿಗಳು. ಸಾಫ್ಟ್‌ವೇರಿನಲ್ಲಿ ಸಾವಿರಾರು ಇರುತ್ತವೆ. ನಿಮಗೆ ಬೇಕಾದದ್ದು ಹದಿನೈದು–ಇಪ್ಪತ್ತು ಮಾತ್ರ. ಸಿಲ್ಡೆನಾಫಿಲ್ ಮತ್ತು ನೈಟ್ರೇಟ್. ಟಿಜಾನಿಡಿನ್ ಮತ್ತು ಸಿಪ್ರೊಫ್ಲಾಕ್ಸಾಸಿನ್. ಅಜಥಯೊಪ್ರಿನ್ ಮತ್ತು ಫೆಬುಕ್ಸೊಸ್ಟಾಟ್. ಮೆಥೊಟ್ರೆಕ್ಸೇಟ್ ಮತ್ತು ಕೋಟ್ರೈಮಾಕ್ಸಜೋಲ್. ಸಿಮ್ವಾಸ್ಟಾಟಿನ್ ಮತ್ತು ಕ್ಲಾರಿಥ್ರೊಮೈಸಿನ್. ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಇಂಜೆಕ್ಷನ್. ರಕ್ತ ತೆಳು ಮಾಡುವ ಅಸಿನೊಕೌಮರಾಲ್ ಜೊತೆ ಮೆಟ್ರೊನಿಡಜೋಲ್ ಅಥವಾ ಫ್ಲುಕೊನಜೋಲ್. ಪಟ್ಟಿಯ ಉಳಿದ ಭಾಗವನ್ನು ನಿಮ್ಮ ಫಾರ್ಮಸಿಯಲ್ಲಿ ಏನು ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ನೋಡಿ ತುಂಬಿಸಿ.

ಕಿಡ್ನಿ ಲೆಕ್ಕ ನಾಲ್ಕನೆಯದು. ಅದಕ್ಕೆ ಮುಂದೆ ಬೇರೆ ಉತ್ತರವೇ ಇದೆ.

ಎಚ್ಚರಿಕೆಗೆ ಮೂರು ಮೆಟ್ಟಿಲಿರಲಿ. ಬೂದು ಬಣ್ಣದ್ದು ಪಕ್ಕದಲ್ಲಿ ಸುಮ್ಮನೆ ಕಾಣುತ್ತದೆ, ಕೆಲಸ ನಿಲ್ಲಿಸುವುದಿಲ್ಲ. ಹಳದಿಯದು ಕಾರಣ ಬರೆದರೆ ಮುಂದೆ ಬಿಡುತ್ತದೆ. ಕೆಂಪು ಬಿಡುವುದೇ ಇಲ್ಲ. ಕೆಂಪನ್ನು ಜಿಪುಣರ ಹಾಗೆ ಖರ್ಚು ಮಾಡಿ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರಿಗೆ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್ ಬರೆಯುವುದನ್ನು ಪೂರ್ತಿ ತಡೆಯುವ ಪ್ರಯೋಗವೊಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದಿತ್ತು. ವರದಿ ಬಂದದ್ದು 2010ರಲ್ಲಿ. ತಡೆ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ನಿಜವಾಗಿ ಆ ಔಷಧಿ ಬೇಕಿದ್ದ ನಾಲ್ವರಿಗೆ ಚಿಕಿತ್ಸೆ ತಡವಾಯಿತು, ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆದ್ದರಿಂದ ಕೆಂಪಿಗೂ ಒಂದು ಹಿಂಬಾಗಿಲಿರಲಿ: ಫಾರ್ಮಸಿಸ್ಟಿಗೆ ಫೋನ್ ಮಾಡಿ ಇಬ್ಬರೂ ಒಪ್ಪಿದರೆ ತೆರೆಯುವಂತೆ.

ತಿಂಗಳಿಗೊಮ್ಮೆ ಒಬ್ಬ ಡಾಕ್ಟರು, ಒಬ್ಬ ಫಾರ್ಮಸಿಸ್ಟ್ ಒಂದು ಗಂಟೆ ಕೂತು ಎಚ್ಚರಿಕೆಗಳ ದಾಖಲೆ (ಲಾಗ್) ನೋಡಬೇಕು. ಹತ್ತರಲ್ಲಿ ಒಂಬತ್ತು ಸಲ ಬದಿಗೊತ್ತಿಸಿಕೊಳ್ಳುತ್ತಿರುವ ನಿಯಮ ಸಿಕ್ಕಿದರೆ ಅಂಥ ಇಪ್ಪತ್ತು ಕೇಸ್ ಶೀಟ್ ತೆಗೆದು ಓದಿ. ಡಾಕ್ಟರು ಬದಿಗೊತ್ತಿದ್ದು ಸರಿಯೆಂದು ಕಂಡರೆ ನಿಯಮ ಬದಲಿಸಿ. ತಪ್ಪೆಂದು ಕಂಡರೆ ಡಾಕ್ಟರ ಜೊತೆ ಮಾತಾಡಿ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಪ್ರತಿ ಸಲವೂ ಹದಿನೈದು–ಇಪ್ಪತ್ತು ಸುಳ್ಳು ರೋಗಿಗಳ ಹೆಸರಿನಲ್ಲಿ ಬೇಕೆಂದೇ ತಪ್ಪು ಚೀಟಿ ಬರೆದು ನೋಡಿ: ಪೆನಿಸಿಲಿನ್ ಆಗದವನಿಗೆ ಅಮಾಕ್ಸಿಸಿಲಿನ್, ಐದು ಕೆ.ಜಿ. ಮಗುವಿಗೆ 500 ಮಿ.ಗ್ರಾಂ ಪ್ಯಾರಸಿಟಮಾಲ್. ಅಪ್‌ಡೇಟ್ ಆದ ರಾತ್ರಿ ಎಚ್ಚರಿಕೆ ತಾನಾಗಿ ಆಫ್ ಆಗಿ, ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗದೇ ಹೋಗಬಹುದು. ಕೂಗದಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕರೆಂಟ್ ಹೋದಾಗ ಕಾಗದದ ಮೇಲೆ ಬರೆದ ಚೀಟಿಗಳನ್ನು ಬಂದ ಮೇಲೆ ಯಾರು ಕಂಪ್ಯೂಟರಿಗೆ ಹಾಕಬೇಕು ಎಂಬುದನ್ನು ಈಗಲೇ ಹೆಸರು ಹಿಡಿದು ನಿಗದಿ ಮಾಡಿ. ಇಲ್ಲದಿದ್ದರೆ ಬೆಳಿಗ್ಗೆ ಅದೇ ಇಂಜೆಕ್ಷನ್ ಇನ್ನೊಂದು ಸಲ ಬೀಳುತ್ತದೆ.

72 ವರ್ಷದ ಅಜ್ಜಿ, ತೂಕ 45 ಕೆ.ಜಿ., ಕ್ರಿಯಾಟಿನಿನ್ 1.4. ಲ್ಯಾಬ್ ವರದಿಯಲ್ಲಿ ಇಜಿಎಫ್‌ಆರ್ 40 ಎಂದಿದೆ, ನಮ್ಮ ಸಾಫ್ಟ್‌ವೇರ್ ಕ್ರಿಯಾಟಿನಿನ್ ಕ್ಲಿಯರೆನ್ಸ್ 26 ಎನ್ನುತ್ತದೆ. ಯಾವುದು ಸರಿ?
— ಆಸ್ಪತ್ರೆ ಫಾರ್ಮಸಿಸ್ಟ್, ದಾವಣಗೆರೆ

ಎರಡೂ ಸರಿ. ಕೇಳಿದ ಪ್ರಶ್ನೆಗಳೇ ಬೇರೆ. ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ. ಇಜಿಎಫ್‌ಆರ್, ಕ್ಲಿಯರೆನ್ಸ್ ಎರಡೂ ಅದನ್ನು ನೋಡಿ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅಂದಾಜಿಸುವ ಸಂಖ್ಯೆಗಳು.

ನಿಮ್ಮ ಸಾಫ್ಟ್‌ವೇರ್ ಬಳಸಿದ್ದು 1976ರ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರ. 140ರಿಂದ ವಯಸ್ಸು ಕಳೆಯಿರಿ, 68. ತೂಕದಿಂದ ಗುಣಿಸಿ, 3060. ಇದನ್ನು 72 (ಇದು ಸೂತ್ರದ ಸ್ಥಿರ ಸಂಖ್ಯೆ, ಅಜ್ಜಿಯ ವಯಸ್ಸಲ್ಲ) ಗುಣಿಸು 1.4, ಅಂದರೆ 100.8ರಿಂದ ಭಾಗಿಸಿದರೆ 30.4. ಹೆಂಗಸಾದ್ದರಿಂದ 0.85ರಿಂದ ಗುಣಿಸಿ: 25.8. ಲ್ಯಾಬಿನದು ಸಿಕೆಡಿ–ಎಪಿಐ ಸೂತ್ರ. ಅದರಲ್ಲಿ ತೂಕವೇ ಇಲ್ಲ, ಎಲ್ಲರನ್ನೂ 1.73 ಚದರ ಮೀಟರ್ ಮೈಯಳತೆಯವರೆಂದು ಎಣಿಸಿ ಹೇಳುತ್ತದೆ. 45 ಕೆ.ಜಿ.ಯ ಅಜ್ಜಿಯ ಮೈ ಅಷ್ಟು ದೊಡ್ಡದಲ್ಲ.

ಯಾವ ಔಷಧಿಗೆ ಯಾವ ಸಂಖ್ಯೆ ಎಂಬುದು ಆ ಔಷಧಿಯ ಮಾಹಿತಿಪತ್ರ ಯಾವ ಅಳತೆಯಲ್ಲಿ ಬರೆದಿದೆ ಎಂಬುದರ ಮೇಲಿದೆ. ಮೆಟ್‌ಫಾರ್ಮಿನ್‌ಗೆ ಇಜಿಎಫ್‌ಆರ್: 30ಕ್ಕಿಂತ ಕಡಿಮೆಯಾದರೆ ಕೊಡಬಾರದು, 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡಬಾರದು, ಈಗಾಗಲೇ ಇದ್ದರೆ ದಿನಕ್ಕೆ 1000 ಮಿ.ಗ್ರಾಂ ಮೀರದಂತೆ ಇಳಿಸುವುದು ರೂಢಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಎನಾಕ್ಸಪರಿನ್‌ಗೆ ಕ್ಲಿಯರೆನ್ಸ್: 30ಕ್ಕಿಂತ ಕೆಳಗಾದರೆ ಚಿಕಿತ್ಸೆಯ ಡೋಸ್ ಕೆ.ಜಿ.ಗೆ 1 ಮಿ.ಗ್ರಾಂನಂತೆ ದಿನಕ್ಕೆ ಎರಡು ಸಲದ ಬದಲು ಒಂದೇ ಸಲ. ಅಂದರೆ ಒಬ್ಬಳೇ ಅಜ್ಜಿಗೆ ಒಂದೇ ದಿನ ಮೆಟ್‌ಫಾರ್ಮಿನ್ ಅರ್ಧ ಮಾಡಿ ಮುಂದುವರಿಸಬಹುದು, ಎನಾಕ್ಸಪರಿನ್ ಮಾತ್ರ ದಿನಕ್ಕೊಂದೇ. ಎಲ್ಲ ಔಷಧಿಗೂ ಒಂದೇ ಸೂತ್ರ ಹಾಕಿದ ಸಾಫ್ಟ್‌ವೇರ್ ಇವೆರಡರಲ್ಲಿ ಒಂದರ ಲೆಕ್ಕವನ್ನು ಖಂಡಿತ ತಪ್ಪಾಗಿ ಮಾಡುತ್ತದೆ. ಕಂಪನಿಯವರನ್ನು ಕೇಳಿ: ನಿಯಮವಾರು ಸೂತ್ರ ಬೇರೆ ಮಾಡಲು ಬರುತ್ತದೆಯೇ?

ಇನ್ನೆರಡು ಮಾತು. ಈ ಎರಡೂ ಸೂತ್ರಗಳು ಕ್ರಿಯಾಟಿನಿನ್ ಏರಿಳಿಯದೆ ನಿಂತಿದ್ದಾಗ ಮಾತ್ರ ನಂಬಿಕೆಗೆ ಯೋಗ್ಯ. ನಿನ್ನೆ 1.4, ಇವತ್ತು 2.3 ಎಂದರೆ ಅಜ್ಜಿಯ ನಿಜವಾದ ಸ್ಥಿತಿ ಪರದೆ ಹೇಳುವುದಕ್ಕಿಂತ ಕೆಟ್ಟದಾಗಿರುತ್ತದೆ. ಮತ್ತೆ, ಸೂತ್ರಕ್ಕೆ ಹೋದ ಆ 45 ಕೆ.ಜಿ. ಯಾವತ್ತಿನದು? ಎರಡು ವರ್ಷದ ಹಿಂದೆ ಓಪಿಡಿಯಲ್ಲಿ ಬರೆಸಿದ ತೂಕವನ್ನೇ ಸಾಫ್ಟ್‌ವೇರ್ ಈಗಲೂ ಎಳೆದು ತರುತ್ತಿರಬಹುದು. ತೂಕದ ಪಕ್ಕದಲ್ಲಿ ತಾರೀಕು ಕಾಣಲೇಬೇಕು.

ಕಂಪ್ಯೂಟರ್ ಬಂದ ಮೇಲೆ ಕೈಬರಹದ ತೊಂದರೆ ತಪ್ಪಿತು. ಆದರೆ ಹಿಂದೆ ಕಂಡಿರದ ಹೊಸ ತಪ್ಪುಗಳು ಬರುತ್ತಿವೆ. ನಮಗೆ ಮಾತ್ರವೇ ಹೀಗೆ?
— ಸ್ಟಾಫ್ ನರ್ಸ್, ಕಲಬುರಗಿ

ನಿಮಗೆ ಮಾತ್ರ ಅಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ವ್ಯವಸ್ಥೆಯನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಕಂಪ್ಯೂಟರ್ ಆರ್ಡರ್‌ನಿಂದಲೇ ಹುಟ್ಟುವ ಅಥವಾ ಹೆಚ್ಚುವ 22 ಬಗೆಯ ತಪ್ಪಿನ ಅಪಾಯಗಳನ್ನು ಪಟ್ಟಿ ಮಾಡಿತ್ತು.

ಒಂದನ್ನು ಹತ್ತಿರದಿಂದ ನೋಡೋಣ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 16 ವರ್ಷದ ಹುಡುಗನಿಗೆ ಕೋಟ್ರೈಮಾಕ್ಸಜೋಲ್ ಬೇಕಿತ್ತು. ಹುಡುಗನ ತೂಕ 38.6 ಕೆ.ಜಿ., ಡೋಸ್ ಕೆ.ಜಿ.ಗೆ 5 ಮಿ.ಗ್ರಾಂ. ಲೆಕ್ಕಕ್ಕೆ 193 ಮಿ.ಗ್ರಾಂ ಬಂತು. ಮಾತ್ರೆ ಇರುವುದು 160ರದ್ದು, ಅದಕ್ಕೆ ಸರಿಹೊಂದಿಸಿ ಎಂದು ಫಾರ್ಮಸಿಸ್ಟ್ ತಿಳಿಸಿದರು. ಡಾಕ್ಟರು 160 ಎಂದು ಟೈಪ್ ಮಾಡಿದರು. ಆದರೆ ಆ ಖಾನೆಯ ಅಳತೆ ‘ಮಿ.ಗ್ರಾಂ’ ಆಗಿರಲಿಲ್ಲ, ‘ಕೆ.ಜಿ.ಗೆ ಇಷ್ಟು ಮಿ.ಗ್ರಾಂ’ ಆಗಿತ್ತು. ಕಂಪ್ಯೂಟರ್ 160ನ್ನು ತೂಕದಿಂದ ಗುಣಿಸಿ ಮೂವತ್ತೆಂಟೂವರೆ ಮಾತ್ರೆ ಎಂದಿತು. ಎಚ್ಚರಿಕೆ ಬಂತು, ಡಾಕ್ಟರು ಮುಚ್ಚಿದರು, ಫಾರ್ಮಸಿಸ್ಟೂ ಮುಚ್ಚಿದರು. ರೋಬೋ ಒಂದೂ ತಪ್ಪದೆ ಎಣಿಸಿ ಪ್ಯಾಕ್ ಮಾಡಿತು. ನರ್ಸ್ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ‘ಆರ್ಡರಿಗೆ ಸರಿಯಾಗಿದೆ’ ಎಂದೇ ಬಂತು, ಆರ್ಡರೇ ತಪ್ಪಾಗಿತ್ತಲ್ಲ. ಹುಡುಗ ಅಷ್ಟೂ ಮಾತ್ರೆ ನುಂಗಿ, ಫಿಟ್ಸ್ ಬಂದು, ಅದೃಷ್ಟಕ್ಕೆ ಉಳಿದುಕೊಂಡ.

ಕೈಬರಹದ ಚೀಟಿಯಲ್ಲಿ ‘38½’ ಎಂದು ಕಂಡಿದ್ದರೆ ಮೆಡಿಕಲ್ ಸ್ಟೋರಿನ ಹುಡುಗನೂ ತಲೆಯೆತ್ತಿ ನೋಡುತ್ತಿದ್ದ. ನಾಲ್ಕು ಯಂತ್ರ ದಾಟಿ ಬಂದದ್ದು ಎಂಬ ನಂಬಿಕೆಯೇ ಕಣ್ಣು ಕಟ್ಟಿತು. ನಿಮ್ಮ ವಾರ್ಡಿಗೆ ಒಂದು ಸರಳ ನಿಯಮ: ಒಂದು ಹೊತ್ತಿಗೆ ನಾಲ್ಕಕ್ಕಿಂತ ಹೆಚ್ಚು ಮಾತ್ರೆ ಅಥವಾ ಇಂಜೆಕ್ಷನ್ನಿನ ಎರಡಕ್ಕಿಂತ ಹೆಚ್ಚು ವಯಲ್ ಕೈಗೆ ಬಂದರೆ ನಿಲ್ಲಿಸಿ, ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಸರಿಯಿದ್ದರೂ ಕೇಳಿ.

ನಮ್ಮ ಕಡೆ ಹೆಚ್ಚು ಆಗಬಹುದಾದ ತಪ್ಪುಗಳು ಇನ್ನೂ ಸಾದಾ. ಪಟ್ಟಿಯಲ್ಲಿ ಒಂದು ಸಾಲು ಕೆಳಗೆ ಬೆರಳು ಬಿದ್ದು ಡೋಪಮಿನ್ ಬದಲು ಡೋಬ್ಯುಟಮಿನ್ ಬರುತ್ತದೆ. ಎರಡಕ್ಷರಕ್ಕೇ ಪಟ್ಟಿ ತೆರೆಯುವ ಬದಲು ಐದಕ್ಷರ ಟೈಪ್ ಮಾಡಿದ ಮೇಲೆ ತೆರೆಯುವಂತೆ ಮಾಡಿಸಿದರೆ ಇದು ಬಹಳ ಇಳಿಯುತ್ತದೆ. ಹಿಂದಿನ ರೋಗಿಯ ಪರದೆ ಮುಚ್ಚದೆ ಮುಂದಿನವರಿಗೆ ಬರೆಯುವುದು ಇನ್ನೊಂದು. ಸಹಿಗೆ ಮೊದಲು ರೋಗಿಯ ಹೆಸರು, ವಯಸ್ಸು, ಫೋಟೊ ದೊಡ್ಡದಾಗಿ ಬರಲಿ. ಎಲ್ಲಕ್ಕಿಂತ ಮೋಸದ್ದು ಷರಾದ ಖಾನೆ. ಆರ್ಡರಿನಲ್ಲಿ 1-0-1 ಎಂದಿರುತ್ತದೆ, ಕೆಳಗೆ ಷರಾದಲ್ಲಿ ‘ರಾತ್ರಿ ಮಾತ್ರ’ ಎಂದು ಡಾಕ್ಟರು ಬರೆದಿರುತ್ತಾರೆ. ಕಂಪ್ಯೂಟರ್ 1-0-1 ಅನ್ನು ಓದುತ್ತದೆ, ಷರಾ ಅದಕ್ಕೆ ಬರೀ ಅಕ್ಷರ. ಎರಡೂ ತಾಳೆಯಾಗದಿದ್ದರೆ ಮಾತ್ರೆ ಕೊಡುವ ಮೊದಲು ಆರ್ಡರನ್ನೇ ತಿದ್ದಿಸಿಕೊಳ್ಳಿ.

ಅಮ್ಮನಿಗೆ ಕೀಲುವಾತಕ್ಕೆ ವಾರಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಗೊತ್ತಿಲ್ಲದೆ ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ ಎಂದು ಕೇಳಿ ಗಾಬರಿಯಾಯಿತು. ಇದನ್ನು ಕಂಪ್ಯೂಟರ್ ತಡೆಯಬಹುದೇ?
— ಓದುಗರು, ಹುಬ್ಬಳ್ಳಿ

ಮೆಥೊಟ್ರೆಕ್ಸೇಟ್ ಇರಬೇಕು. ಕೇಳಿದ್ದು ನಿಜ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಬಿಳಿ ರಕ್ತಕಣ ಕುಸಿದು, ಸೋಂಕು ತಗುಲಿ ಸಾಯುವವರಿದ್ದಾರೆ. ಇದು ಕಂಪ್ಯೂಟರ್ ಚೆನ್ನಾಗಿ ತಡೆಯಬಲ್ಲ ತಪ್ಪು. ಎಚ್ಚರಿಕೆ ಕೂಗಿಸುವುದೂ ಬೇಡ, ತಪ್ಪಾಗಿ ಬರೆಯಲಾಗದಂತೆ ಮಾಡಿದರೆ ಸಾಕು. ಮೆಥೊಟ್ರೆಕ್ಸೇಟ್ ಮಾತ್ರೆ ಆರಿಸಿದ ಕೂಡಲೇ ‘ವಾರಕ್ಕೊಮ್ಮೆ’ ತಾನಾಗಿ ಬರಬೇಕು, ವಾರದ ಯಾವ ದಿನ ಎಂದು ಆರಿಸದೆ ಮುಂದೆ ಹೋಗಬಾರದು, ‘ಪ್ರತಿದಿನ’ ಬೇಕೆಂದರೆ ಕ್ಯಾನ್ಸರ್ ಕಾರಣ ನಮೂದಿಸಬೇಕು. ಇಂಗ್ಲಿಷ್ ಚೀಟಿಯಾದರೆ ಸೋಮವಾರ ಬೇಡ; ಆ ಪದವನ್ನು ‘ಮಾರ್ನಿಂಗ್’ ಎಂದು ಓದಿಕೊಂಡು ದಿನಾ ಬೆಳಿಗ್ಗೆ ಕೊಡುವ ಅಪಾಯವಿದೆ. ಚೀಟಿಯ ಕೆಳಗೆ ಕನ್ನಡದಲ್ಲಿ ‘ಬುಧವಾರ ಮಾತ್ರ’ ಎಂದು ಅಚ್ಚಾಗುವಂತೆ ಮಾಡುವುದು ಸಾಫ್ಟ್‌ವೇರಿಗೆ ಕಷ್ಟದ ಕೆಲಸವಲ್ಲ.

ನೀವು ಮನೆಯಲ್ಲಿ ಮಾಡಬೇಕಾದ್ದು: ಆ ಸ್ಟ್ರಿಪ್ ಬೇರೆ ಮಾತ್ರೆಗಳ ಡಬ್ಬಿಯಲ್ಲಿರಬಾರದು. ನುಂಗಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಜೊತೆಗೆ ಕೊಟ್ಟಿರುವ ಫೋಲಿಕ್ ಆ್ಯಸಿಡ್ ಕೂಡ ಪುಟ್ಟ ಹಳದಿ ಮಾತ್ರೆಯೇ ಆಗಿದ್ದರೆ ಎರಡೂ ಅದಲುಬದಲಾಗದಂತೆ ನೋಡಿಕೊಳ್ಳಿ.

ಔಷಧ ಎಚ್ಚರಿಕೆಯ ಸಾಫ್ಟ್‌ವೇರ್ ಕಟ್ಟುತ್ತಿದ್ದೇವೆ. ವಿದೇಶಿ ಔಷಧ ಡೇಟಾಬೇಸ್ ಕೊಂಡು ಜೋಡಿಸಿದರೆ ಸಾಕಲ್ಲವೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಸಾಲದು. ನಮ್ಮಲ್ಲಿ ರಕ್ತ ತೆಳು ಮಾಡಲು ಹೆಚ್ಚು ಬಳಸುವುದು ಅಸಿನೊಕೌಮರಾಲ್. ಅಮೆರಿಕದಲ್ಲಿ ಅದು ಮಾರಾಟದಲ್ಲೇ ಇಲ್ಲ, ಅಲ್ಲಿನ ಪಟ್ಟಿಗಳ ನಿಯಮಗಳೆಲ್ಲ ವಾರ್ಫರಿನ್ ಸುತ್ತ. ಅಸಿಕ್ಲೊಫೆನಾಕ್, ನಿಮೆಸುಲೈಡ್, ಟೆನೆಲಿಗ್ಲಿಪ್ಟಿನ್, ಸಿಲ್ನಿಡಿಪಿನ್ ಕತೆಯೂ ಅದೇ. ಗುರುತು ಸಿಗದ ಔಷಧಿಯ ಬಗ್ಗೆ ನಿಮ್ಮ ಸಾಫ್ಟ್‌ವೇರ್ ಏನು ಮಾಡುತ್ತದೆ? ಸುಮ್ಮನಿದ್ದರೆ ಡಾಕ್ಟರು ‘ಸುರಕ್ಷಿತ’ ಎಂದೇ ಓದಿಕೊಳ್ಳುತ್ತಾರೆ. ‘ಇದನ್ನು ಪರೀಕ್ಷಿಸಿಲ್ಲ’ ಎಂದು ಪರದೆಯ ಮೇಲೆ ಬರೆದು ಹೇಳಬೇಕು. ಮೊದಲು ಇದನ್ನು ಸರಿ ಮಾಡಿ.

ಎರಡನೆಯ ತಲೆನೋವು ಬ್ರ್ಯಾಂಡ್. ನಮ್ಮ ಒಂದು ಮಾತ್ರೆಯಲ್ಲಿ ಎರಡು, ಮೂರು, ನಾಲ್ಕು ಮದ್ದು ಸೇರಿರುತ್ತವೆ. 2016ರಲ್ಲಿ ಕೇಂದ್ರ ಸರ್ಕಾರ ಇಂಥ 344 ಸಂಯೋಜನೆಗಳನ್ನು ಒಮ್ಮೆಗೇ ನಿಷೇಧಿಸಬೇಕಾಯಿತು ಎಂದರೆ ರಾಶಿ ಎಷ್ಟಿದ್ದೀತು ಊಹಿಸಿ. ಪ್ರತಿ ಬ್ರ್ಯಾಂಡನ್ನೂ ಒಡೆದು ಮೂಲವಸ್ತು, ಅದರ ಪ್ರಮಾಣ, ರೂಪ ಎಂದು ಬಿಡಿಸಬೇಕು. ನಿಯಮಗಳೆಲ್ಲ ಮೂಲವಸ್ತುವಿನ ಮೇಲೇ ಕೂರಬೇಕು, ಬ್ರ್ಯಾಂಡ್ ಹೆಸರಿನ ಮೇಲಲ್ಲ. ಹೆಸರಿನ ಕೊನೆಯಲ್ಲಿರುವ ‘ಎಂ’, ‘ಡಿ’, ‘ಪ್ಲಸ್’ ನೋಡಿ ಒಳಗೇನಿದೆ ಎಂದು ಊಹಿಸುವ ಕೋಡ್ ಬರೆಯಬೇಡಿ. ಒಂದು ಕಂಪನಿಯ ‘ಎಂ’ ಮೆಟ್‌ಫಾರ್ಮಿನ್, ಇನ್ನೊಂದರದು ಮಾಂಟೆಲುಕಾಸ್ಟ್. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಇಎಚ್‌ಆರ್ (ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ) ಮಾನದಂಡ ಸಂಪನ್ಮೂಲ ಕೇಂದ್ರದಿಂದ ಸ್ನೋಮೆಡ್ ಸಿಟಿ, ಅಂದರೆ ರೋಗ, ಔಷಧಿಗಳನ್ನು ಗುರುತಿಸುವ ಏಕರೂಪದ ಸಂಕೇತಗಳು ಭಾರತದಲ್ಲಿ ಉಚಿತವಾಗಿ ಸಿಗುತ್ತವೆ. ಸ್ವಂತ ಸಂಕೇತ ಹುಟ್ಟಿಸುವ ಮೊದಲು ಅದನ್ನು ನೋಡಿ.

ಕವಾಟದ ಶಸ್ತ್ರಚಿಕಿತ್ಸೆಯಾಗಿ ಅಸಿನೊಕೌಮರಾಲ್ ತೆಗೆದುಕೊಳ್ಳುವ ರೋಗಿಗೆ ಕ್ಷಯ ಬಂತು. ಕ್ಷಯದ ಮಾತ್ರೆ ನಮ್ಮಲ್ಲಿ, ಹೃದಯದ ಚೀಟಿ ನಗರದ ಆಸ್ಪತ್ರೆಯಲ್ಲಿ. ಅಲ್ಲಿನ ಕಂಪ್ಯೂಟರ್ ಎಚ್ಚರಿಸುತ್ತದೆ ಎಂದು ನಂಬಬಹುದೇ?
— ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ರಾಯಚೂರು ಜಿಲ್ಲೆ

ನಂಬಬೇಡಿ. ಕ್ಷಯದ ಮಾತ್ರೆ ರಾಷ್ಟ್ರೀಯ ಕಾರ್ಯಕ್ರಮದಿಂದ ಬರುತ್ತದೆ, ಆ ಆಸ್ಪತ್ರೆಯ ಫಾರ್ಮಸಿಯಿಂದಲ್ಲ. ಯಾರಾದರೂ ಕೇಳಿ ‘ಹೊರಗಿನ ಔಷಧಿ’ ಎಂದು ಅವರ ಕಂಪ್ಯೂಟರಿಗೆ ಹಾಕದ ಹೊರತು ಅದರ ಮಟ್ಟಿಗೆ ಕ್ಷಯದ ಮದ್ದು ರಿಫಾಂಪಿಸಿನ್ ಇಲ್ಲವೇ ಇಲ್ಲ.

ರಿಫಾಂಪಿಸಿನ್ ಒಂದೆರಡು ವಾರದಲ್ಲಿ ಲಿವರಿನ ಕಿಣ್ವಗಳನ್ನು ಎಬ್ಬಿಸಿ ಅಸಿನೊಕೌಮರಾಲ್ ಅನ್ನು ಬೇಗ ಕರಗಿಸುತ್ತದೆ. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂಬ ಅಳತೆ) ಇಳಿದು ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಡೋಸ್ ಎರಡು–ಮೂರು ಪಟ್ಟು ಏರಿಸಬೇಕಾಗಬಹುದು. ಇಷ್ಟು ಸಾಮಾನ್ಯವಾಗಿ ಗೊತ್ತು. ತಪ್ಪಿಹೋಗುವುದು ಆರು ತಿಂಗಳ ನಂತರ. ಕ್ಷಯದ ಕೋರ್ಸ್ ಮುಗಿಯುತ್ತದೆ, ರೋಗಿ ಖುಷಿಯಾಗಿ ಮನೆಗೆ ಹೋಗುತ್ತಾನೆ. ಎರಡು ವಾರದಲ್ಲಿ ಕಿಣ್ವ ತಣ್ಣಗಾಗುತ್ತದೆ, ಏರಿಸಿದ ಡೋಸ್ ಹಾಗೇ ಇದೆ, ಐಎನ್‌ಆರ್ ಗಗನಕ್ಕೆ, ರಕ್ತಸ್ರಾವದ ಅಪಾಯ. ಸಾಮಾನ್ಯ ಸಾಫ್ಟ್‌ವೇರ್ ಔಷಧಿ ಸೇರಿಸಿದಾಗ ಎಚ್ಚರಿಸುತ್ತದೆ. ತೆಗೆದಾಗ ಎಚ್ಚರಿಸುವುದು ಅಪರೂಪ. ಕೊನೆಯ ಸ್ಟ್ರಿಪ್ ಕೊಡುವ ದಿನವೇ ಮುಂದಿನ ಒಂದು ತಿಂಗಳು ವಾರಕ್ಕೊಮ್ಮೆ ಐಎನ್‌ಆರ್ ಎಂದು ರೋಗಿಯ ಕಾರ್ಡಿನಲ್ಲಿ ತಾರೀಕು ಹಾಕಿ ಬರೆದುಬಿಡಿ, ಹೃದಯದ ಡಾಕ್ಟರಿಗೆ ಒಂದು ಫೋನೂ ಮಾಡಿ.

ಇದರಿಂದ ನಿಜಕ್ಕೂ ಪ್ರಯೋಜನವಿದೆ ಎಂಬುದಕ್ಕೆ ಪುರಾವೆ ಏನು? ಭಾರತದಲ್ಲಿ ಯಾರಾದರೂ ನೋಡಿದ್ದಾರೆಯೇ?
— ಸಾರ್ವಜನಿಕ ಆರೋಗ್ಯ ವಿದ್ಯಾರ್ಥಿನಿ, ಮಣಿಪಾಲ

ಬಾಸ್ಟನ್ನಿನ ಬ್ರಿಗ್‌ಹ್ಯಾಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯ 1998ರ ಅಧ್ಯಯನ ಎಲ್ಲರೂ ಹೇಳುವುದು: ಕಂಪ್ಯೂಟರಿನಲ್ಲಿ ಆರ್ಡರ್ ಬರೆಯಲು ಶುರು ಮಾಡಿದ ಮೇಲೆ ಗಂಭೀರ ಔಷಧ ತಪ್ಪುಗಳು ಶೇ 55ರಷ್ಟು ಇಳಿದವು. ಆದರೆ ಅದು ಅವರೇ ಕಟ್ಟಿ, ಅವರೇ ತಿದ್ದುತ್ತಿದ್ದ ವ್ಯವಸ್ಥೆ. ಕೊಂಡು ತಂದು ಹಾಕಿದ್ದಕ್ಕೆ ಆ ಸಂಖ್ಯೆ ಹಾಗೇ ಅನ್ವಯಿಸದು.

ನಮ್ಮಲ್ಲಿನ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ಓದಿ. ಬಿ.ಪಿ., ಸಕ್ಕರೆ ಕಾಯಿಲೆಗೆ ನರ್ಸ್ ಟ್ಯಾಬ್ಲೆಟ್ ಕಂಪ್ಯೂಟರಿನಲ್ಲಿ ವಿವರ ತುಂಬಿ, ಚಿಕಿತ್ಸೆಯ ಸಲಹೆ ವೈದ್ಯರಿಗೆ ಹೋಗುವ ‘ಎಂವೆಲ್‌ಕೇರ್’ ವ್ಯವಸ್ಥೆಯನ್ನು ಹರಿಯಾಣ ಮತ್ತು ಕರ್ನಾಟಕದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶ: ಸುಧಾರಿಸಿದ ಮಾಮೂಲಿ ಆರೈಕೆಗೂ ಇದಕ್ಕೂ ಬಿ.ಪಿ.ಯಲ್ಲಾಗಲಿ ಸಕ್ಕರೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಭಾರತ, ಪಾಕಿಸ್ತಾನಗಳ 10 ಕ್ಲಿನಿಕ್‌ಗಳಲ್ಲಿ ನಡೆದ ‘ಕಾರ್ಸ್’ ಪ್ರಯೋಗ, 2016ರಲ್ಲಿ ಪ್ರಕಟವಾದದ್ದು. ಅಲ್ಲಿ ಕಂಪ್ಯೂಟರ್ ಸಲಹೆಯ ಜೊತೆಗೆ ರೋಗಿಯ ಬೆನ್ನು ಹತ್ತಿ ಫೋನ್ ಮಾಡಿ ಕರೆಸುವ ಆರೈಕೆ ಸಂಯೋಜಕರೂ ಇದ್ದರು. ಒಂದಕ್ಕಿಂತ ಹೆಚ್ಚು ಚಿಕಿತ್ಸಾ ಗುರಿ ಮುಟ್ಟಿದವರು ಆ ಗುಂಪಿನಲ್ಲಿ ಇಮ್ಮಡಿಗೂ ಹೆಚ್ಚು: ಶೇ 18.2, ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 8.1. ನಮ್ಮ ಓದು ಇದು: ಸಲಹೆಯೊಂದೇ ಸಾಲದು, ಸಲಹೆಯ ಹಿಂದೆ ಓಡಾಡುವ ಒಬ್ಬರು ಬೇಕು. ಎರಡು ಪ್ರಯೋಗಗಳ ರೋಗಿಗಳೂ ಕ್ಲಿನಿಕ್‌ಗಳೂ ಬೇರೆಯಾದ್ದರಿಂದ ಇದು ಊಹೆಯೇ ಹೊರತು ತೀರ್ಪಲ್ಲ; ನಿಮ್ಮ ಪ್ರಬಂಧಕ್ಕೆ ಒಳ್ಳೆಯ ವಿಷಯ.

ಎಐ ಚಾಟ್‌ಬಾಟ್‌ಗೆ ಕೇಳಿ ಚೀಟಿ ಬರೆಯಬಹುದೇ? ತಪ್ಪಾದರೆ ಹೊಣೆ ಯಾರದು?
— ಬಿಎಎಂಎಸ್ ವಿದ್ಯಾರ್ಥಿ, ಗದಗ

ಹೊಣೆ ಸಹಿ ಹಾಕಿದ ವೈದ್ಯರದು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲೇ ಸ್ಪಷ್ಟವಿದೆ: ಎಐ ಆಧಾರಿತ ವೇದಿಕೆಗಳು ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ನೋಂದಾಯಿತ ವೈದ್ಯರಿಗೆ ನೆರವಾಗಬಹುದು, ಅಷ್ಟೇ. ಡೋಸ್ ಬರಬೇಕಾದ್ದು ಯಾರೋ ಪರಿಶೀಲಿಸಿ ತಾರೀಕು ಹಾಕಿದ ಕೋಷ್ಟಕದಿಂದ. ಚಾಟ್‌ಬಾಟ್ ಒಂದೇ ಪ್ರಶ್ನೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಉತ್ತರ ಕೊಡಬಲ್ಲದು, ಎರಡನ್ನೂ ಅಷ್ಟೇ ಧೈರ್ಯದಿಂದ.

ಎಂಟು ತಿಂಗಳ ಮಗು, 8 ಕೆ.ಜಿ. ಜ್ವರಕ್ಕೆ ಕಂಪ್ಯೂಟರ್ ಚೀಟಿಯಲ್ಲಿ ಪ್ಯಾರಸಿಟಮಾಲ್ ‘5 ಮಿ.ಲೀ.’ ಎಂದಿದೆ. ಮೆಡಿಕಲ್‌ನಲ್ಲಿ ಸಿರಪ್ ಇಲ್ಲವೆಂದು ಡ್ರಾಪ್ಸ್ ಕೊಟ್ಟರು. ಅಷ್ಟೇ ಹಾಕಬಹುದೇ?
— ತಾಯಿ, ಧಾರವಾಡ

ಹಾಕಬೇಡಿ. ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ ಮಗುವಿಗೆ ಒಂದು ಹೊತ್ತಿಗೆ ಬೇಕಾದ್ದು 120 ಮಿ.ಗ್ರಾಂ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ 5 ಮಿ.ಲೀ. ಸರಿ. 5 ಮಿ.ಲೀ.ಯಲ್ಲಿ 250 ಇರುವುದಾದರೆ 2.4 ಮಿ.ಲೀ. ಮಾತ್ರ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದೇ ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, 1.2 ಮಿ.ಲೀ. ಸಾಕು. 5 ಮಿ.ಲೀ. ಹಾಕಿದರೆ 500 ಮಿ.ಗ್ರಾಂ, ಬೇಕಾದ್ದರ ನಾಲ್ಕು ಪಟ್ಟು.

ಚೀಟಿ ಬರೆದ ಸಾಫ್ಟ್‌ವೇರ್ ಇಲ್ಲಿ ತಪ್ಪಿದ್ದು ಮಿ.ಗ್ರಾಂ ಬಿಟ್ಟು ಬರೀ ಮಿ.ಲೀ. ಅಚ್ಚು ಮಾಡಿದ್ದರಲ್ಲಿ. ‘120 ಮಿ.ಗ್ರಾಂ, ಅಂದರೆ 120/5 ಸಿರಪ್‌ನಲ್ಲಿ 5 ಮಿ.ಲೀ.’ ಎಂದು ಎರಡೂ ಇದ್ದಿದ್ದರೆ ಮೆಡಿಕಲ್‌ನವರು ಬಾಟಲಿ ಬದಲಿಸಿದಾಗ ಅಳತೆಯನ್ನೂ ಬದಲಿಸುತ್ತಿದ್ದರು. ಬಾಟಲಿ ಬದಲಾದರೆ ಡಾಕ್ಟರಿಗೆ ಫೋನ್ ಮಾಡಿ, ಲೇಬಲ್ ಮೇಲಿರುವ ಸಂಖ್ಯೆಯನ್ನು ಓದಿ ಹೇಳಿ. ಈಗಾಗಲೇ ಹೆಚ್ಚು ಹಾಕಿಬಿಟ್ಟಿದ್ದರೆ ಮಗು ಆಡಿಕೊಂಡಿದ್ದರೂ ಕಾಯಬೇಡಿ, ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ. ಔಷಧಿಯಿಂದ ತೊಂದರೆಯಾದರೆ ವರದಿ ಮಾಡಲು ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024. ವೈದ್ಯರಷ್ಟೇ ಅಲ್ಲ, ನೀವೂ ಕರೆ ಮಾಡಬಹುದು. ಮತ್ತೆ ಡ್ರಾಪ್ಸ್ ಜೊತೆ ಬಂದ ಡ್ರಾಪರ್ ಆ ಬಾಟಲಿಗೆ ಮಾತ್ರ, ಖಾಲಿಯಾದ ಮೇಲೆ ಅದನ್ನೂ ಬಾಟಲಿಯ ಜೊತೆಗೇ ಎಸೆದುಬಿಡಿ.